ಬಾಳಿಕಿ

ಕೈಯಾಗ ಹಿಡದು, ಎರಡೂ ತುದಿ ಜಗ್ಗಿ,
ಮೂಗಿಗೆ ಹಚ್ಚಿ ವಾಸನಿ ನೋಡಿ
ಸೋಲಾಪುರದಾಗ ಚದ್ದರ ಕೊಳ್ಳೋರು ಕೇಳೋದು ಒಂದ ಮಾತು.
ಮರಾಠಿಯವರು, "ಟಿಕೇಲ್ ಕಾ?"
ತೆಲುಗಿನವರು, "ಮನ್ನಿಕ ಉಂಟುಂದಾ?"
ನಮ್ಮ ಮಂದಿ, ಮಂದ್ರೂಪ ಕಡೆಯವರು, ಅಕ್ಕಲಕೋಟಿಯವರು,
"ಬಾಳಿಕಿ ಬರ್ತದೇನೋ ತಮ್ಮಾ?"

ಮೂವತ್ತೊಂದು ವರ್ಷ ಈ ಗಲ್ಲಾದ ಮುಂದ ನಿಂತು
ಮೂರೂ ಭಾಷಾದಾಗ ಹೂಂ ಅಂದೀನಿ.
ಮೊನ್ನೆ ಮೊನ್ನೆ ಲಕ್ಷ್ಯಕ್ಕ ಬಂತು:
ಮರಾಠಿ ಕೇಳೋದು ನಿಲ್ತದೇನು ಅಂತ, ಕಲ್ಲಿಗೆ ಕೇಳಿದಂಗ.
ಮನ್ನಿಕದಾಗ, ಬಾಳಿಕಿಯಾಗ
ಉಸಿರಾಡೋದೊಂದು ಕುಂತದ.
ಅರಿವಿಗೆ ಬಾಳು ಯಾರು ಕೊಟ್ಟರು?

ಅಂಬಾದಾಸ ಯೆಮುಲನ ಕೇಳಿದೆ. ಅವನವು ನಾಕು ಮಗ್ಗ.
ಗದ್ದಲದಾಗ ಮಾತು ಕೇಳಸೂದಿಲ್ಲ, ತುಟಿ ನೋಡಿ ತಿಳಕೋತಾನ.
"ಒಂದು ಚದ್ದರಕ್ಕ ಎರಡು ಚಹಾ" ಅಂದ.
ಮೊದಲನೇ ಚಹಾಕ್ಕ ಅಂಚು,
ಎರಡನೇದಕ್ಕ ನವಿಲಿನ ಬಾಲ.
ಆಮ್ಯಾಲ ಎಷ್ಟು ವರ್ಷ ಬರ್ತದ ಅಂದ್ರ
ಕಿವಿಯೊಳಗಿನ ಹತ್ತಿ ತಗದು, ನೋಡಿ, ಮತ್ತ ಹಾಕ್ಕೊಂಡ.

ಗಿರಣಿ ಭೋಂಗಾ ಇತ್ತಲ್ಲ, ನಾವು ಸಣ್ಣವರಿದ್ದಾಗ,
ಅದು ಕೂಗಿ ಮುಗಿಯೋದರಾಗ ನಮ್ಮವ್ವ
ಒಂದು ಭಕ್ರಿ ತಟ್ಟಿ ಹಂಚಿಗೆ ಹಾಕತಿದ್ಲು.
ಗಿರಣಿ ಮುಚ್ಚಿತು. ಯಂತ್ರ ಗುಜರಿಗೆ ಹ್ವಾದವು.
ಅವ್ವ ಆಮ್ಯಾಲೂ ಹದಿನಾರು ವರ್ಷ
ಅಷ್ಟ ಹೊತ್ತಿನಾಗ ಒಂದು ಭಕ್ರಿ ತಟ್ಟಿದಳು,
ತಟ್ಟಿ, ತಲಿ ಎತ್ತಿ, ಒಂದು ಗಳಿಗಿ ಸುಮ್ಮನಾಗತಿದ್ಲು.
ಆ ಕೂಗು ಎಷ್ಟು ದಿನ ಬಾಳಿಕಿ ಬಂತು ಅಂತ ಹಿಡೀಲಿ?

ಹ್ವಾದ ಬುಧವಾರ ಊಟದ ಹೊತ್ತು. ಶಟರ್ ಅರ್ಧ ಇಳಿಸಿದ್ದೆ.
ಬಗ್ಗಿ ಒಳಗ ಬಂದಳು ಶಿವಲಿಂಗವ್ವ ಬಿರಾಜದಾರ,
ಕಂಕುಳಾಗ ಗಂಟು. ಬಿಚ್ಚಿದಳು.
ನಮ್ಮದ ಚದ್ದರ. ಮೂಲ್ಯಾಗ ನಮ್ಮ ಅಂಗಡಿ ಚೀಟಿ,
ಅಕ್ಷರ ತೊಳದು ಹೋಗ್ಯಾವ, ಹೊಲಿಗಿ ಬಿಟ್ಟಿಲ್ಲ.
"ಇಪ್ಪತ್ತೆರಡು ವರ್ಷಾತು" ಅಂದಳು, ತಕರಾರಿನ ದನಿಯೊಳಗ.
"ಹತ್ತು ವರ್ಷಕ್ಕ ಅಂಜಬ್ಯಾಡ ಅಂದಿದ್ದಿ ನೀ."
ನಾ ನಕ್ಕೆ. "ಛಲೋ ಆತಲ್ಲ ಯವ್ವಾ."
ಅಕಿ ನಗಲಿಲ್ಲ.

ಗಂಡನ್ನ ಸಿವಿಲ್ ಆಸ್ಪತ್ರಿಗೆ ಸೇರಿಸೋ ದಿನ ತಗೊಂಡದ್ದಂತ.
ಅಂವ ಹೊದ್ದದ್ದು ಹನ್ನೊಂದು ರಾತ್ರಿ.
ಆಮ್ಯಾಲ ಮಕ್ಕಳು ಜಗ್ಗಾಡಿದ್ರು,
ಮೊಮ್ಮಗ ಉಚ್ಚಿ ಹೊಯ್ದ, ಜೋಳದ ರಾಶಿಗೆ ಹೊಚ್ಚಿದ್ರು,
ಸೀನಾ ಹೊಳಿ ಕಲ್ಲಿಗೆ ಬಡದು ಬಡದು ಒಗದ್ರು.
"ಹರೀಲಿಲ್ಲ" ಅಂದಳು. "ಏನ ಹಾಕಿ ನೇದೀರಿ ಇದನ್ನ?"

ಎರಡು ಚಹಾ ಅಂತ ನಾಲಿಗಿಗೆ ಬಂದಿತ್ತು.
ಸುಮ್ಮನ ಬೆಳಕಿಗೆ ಹಿಡದೆ.
ನವಿಲಿನ ಕಾಲ ಹತ್ರ, ಒಂದು ಅಂಗೈಯಷ್ಟು ಜಾಗಾ,
ಎಳಿ ತೆಳ್ಳಗಾಗಿದ್ವು. ಅದರಾಚೆ ಬೀದಿ ಕಾಣ್ತಿತ್ತು,
ಒಂದು ರಿಕ್ಷಾ ಮಸುಕಾಗಿ ದಾಟಿ ಹೋತು.
"ಅಲ್ಲಿ ಹಿಡಕೊಂಡು ಮಲಗ್ತೀನಿ" ಅಂದಳು.

ತಾಳಿದವ ಬಾಳ್ಯಾನು ಅಂತ ನಮ್ಮ ಗಾದಿ.
ತಾಳಿದಾಕಿ ಎದುರಿಗೆ ನಿಂತಿದ್ಲು.
ಬಾಳಿದ್ದು ನನ್ನ ಕೈಯಾಗಿತ್ತು.
ಗಾದಿ ಅಲ್ಲಿಂದ ಮುಂದಕ್ಕ ಹೋಗವಲ್ದು.

ಹೊಸಾದೊಂದು ಕೊಂಡಳು, ಮೊಮ್ಮಗಳು ಹಾಸ್ಟೆಲ್ಲಿಗೆ ಹೊಂಟಾಳಂತ.
ಬಣ್ಣ ಕೇಳಿದಳು. ಉದ್ದ ಕೇಳಿದಳು.
ಇಪ್ಪತ್ತು ರೂಪಾಯಿ ಬಿಡು ಅಂದು ಹಟ ಹಿಡದಳು, ಬಿಟ್ಟೆ.
ಆ ಇನ್ನೊಂದು ಮಾತು ಮಾತ್ರ ಕೇಳಲಿಲ್ಲ,
ಹೂಂ ಅನ್ನಾಕ ನಾ ತಯಾರಾಗಿ ನಿಂತಿದ್ದೆ.
ಹೊಸಾದು ಕಂಕುಳಾಗ, ಹಳೇದು ಹೆಗಲಿಗೆ,
ಶಟರ್ ಕೆಳಗ ಬಗ್ಗಿ ಬಿಸಲಿಗಿಳದಳು.